ಬೆಂಕಿ ಯಾವ ತಿಂಗಳಲ್ಲಿ, ಯಾರ ಕೈಯಲ್ಲಿ?

ಜನವರಿ ಮುಗಿಯುವ ಹೊತ್ತಿಗೆ ಮಲೆನಾಡಿನ ಅಭಯಾರಣ್ಯಗಳಲ್ಲಿ ರಸ್ತೆಯ ಬದಿಗಳು ಅಲ್ಲಲ್ಲಿ ಕಪ್ಪಾಗಿರುತ್ತವೆ. ಅರಣ್ಯ ಇಲಾಖೆಯೇ ಸುಟ್ಟ ಬೆಂಕಿ ರೇಖೆಗಳು ಅವು. ಮಳೆಗಾಲ ಕಳೆದ ಮೇಲೆ ಹುಲ್ಲು, ಪೊದೆ ಸವರಿ ಒಣಗಲು ಬಿಡುತ್ತಾರೆ. ಇಬ್ಬನಿಯ ತೇವ ಇನ್ನೂ ಇರುವಾಗ, ಗಾಳಿಯಿಲ್ಲದ ಹೊತ್ತು ನೋಡಿ ಸುಡುತ್ತಾರೆ. ಹಸಿ ಸೊಪ್ಪಿನ ಕೊಂಬೆ ಹಿಡಿದ ಕಾವಲುಗಾರರು ಅಂಚಿನುದ್ದಕ್ಕೂ ನಿಂತು, ಒಳಕ್ಕೆ ನುಗ್ಗುವ ಉರಿಯನ್ನು ಬಡಿದು ಆರಿಸುತ್ತಾರೆ. ಬೇಸಿಗೆಯಲ್ಲಿ ಕಾಳ್ಗಿಚ್ಚು ಬಂದರೆ ಸುಡಲು ಏನೂ ಸಿಗದೆ ಈ ಪಟ್ಟಿಯಲ್ಲಿ ನಿಲ್ಲಬೇಕು ಎನ್ನುವುದು ಲೆಕ್ಕ. ಅಂದರೆ ಬೇಕೆಂದೇ ಬೆಂಕಿ ಇಡುವುದು ನಮ್ಮಲ್ಲಿ ಪ್ರತಿವರ್ಷ ನಡೆಯುತ್ತಲೇ ಇದೆ. ರೇಖೆಯ ಒಳಗಿನ ಕಾಡಿಗೂ ಹೀಗೆ ಹದವರಿತು ಬೆಂಕಿ ಕೊಡಬೇಕೇ ಎನ್ನುವ ಪ್ರಶ್ನೆ ಮಾತ್ರ ನೂರೈವತ್ತು ವರ್ಷಗಳಿಂದ ಬಗೆಹರಿದಿಲ್ಲ.

ಈ ತಕರಾರಿನ ಒಂದು ಬೇರು ಶಿವಮೊಗ್ಗದಲ್ಲೇ ಇದೆ. 1840ರ ದಶಕದಲ್ಲಿ ಇಲ್ಲಿ ಕೆಲಸ ಮಾಡಿದ ಸ್ಕಾಟಿಷ್ ವೈದ್ಯ ಹ್ಯೂ ಕ್ಲೆಗಾರ್ನ್, ಮರಗಳು ಬರಿದಾಗುತ್ತಿದ್ದುದನ್ನು ಕಂಡು ಕುಮ್ರಿ ಬೇಸಾಯದ ಕಡು ವಿರೋಧಿಯಾದ. ಕಾಡು ಕಡಿದು, ಸುಟ್ಟು, ಒಂದೆರಡು ವರ್ಷ ಬೆಳೆ ತೆಗೆದು ಮುಂದಕ್ಕೆ ಹೋಗುವ ಪದ್ಧತಿ ಕುಮ್ರಿ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ ಮೇಲೆ ಅವನ ಮಾತಿಗೆ ಅಧಿಕಾರದ ಬಲವೂ ಬಂತು. 1865 ಮತ್ತು 1878ರ ಅರಣ್ಯ ಕಾಯ್ದೆಗಳ ಕಾಲಕ್ಕೆ ಬೆಂಕಿ ಹಚ್ಚುವವನು ಅಪರಾಧಿ ಎಂಬುದು ನೆಲೆಯೂರಿತು. ಆದರೆ ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿಯನ್ನು ಪೂರ್ತಿ ತಡೆದಾಗ ಪೊದೆ ಬೆಳೆದು ತೇಗದ ಸಸಿಗಳೇ ಏಳಲಿಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲೇ ಅಲ್ಲಿನ ಅಧಿಕಾರಿಗಳು ತಮ್ಮ ನೀತಿಯನ್ನು ಸಡಿಲಿಸಬೇಕಾಯಿತು. ಆ ಪಾಠ ಅರಣ್ಯಶಾಸ್ತ್ರದ ಪುಸ್ತಕಗಳಿಗೆ ಹೋಯಿತು, ಹಳ್ಳಿಗನ ಮೇಲಿನ ಕೇಸು ಹಾಗೆಯೇ ಉಳಿಯಿತು.

ಮಲೆನಾಡಿಗರಿಗೆ ಕಾಡೆಲ್ಲ ಒಂದೇ ಆಗಿರಲಿಲ್ಲ. ಸೊರಬ, ಸಾಗರದ ಕಡೆಯ ಕಾನುಗಳಿಗೆ ಬೆಂಕಿ ಸೋಕಬಾರದು. ಕಾಳುಮೆಣಸು ಕೊಡುವ, ದೇವರಿರುವ, ಹಳ್ಳಕ್ಕೆ ನೀರು ಬಿಡುವ ದಟ್ಟ ಹಸಿರು ಅದು. ಹುಲ್ಲಿನ ಬ್ಯಾಣಗಳಲ್ಲಿ ಮಾತ್ರ ಒಣಹುಲ್ಲು ಸುಟ್ಟು ದನಕ್ಕೆ ಹೊಸ ಚಿಗುರು ಬರಿಸುತ್ತಿದ್ದರು. ಅಡಿಕೆ ಬೆಳೆಗಾರರ ಸೊಪ್ಪಿನಬೆಟ್ಟದಲ್ಲಿ ಬಿದ್ದ ದರಕನ್ನು, ಅಂದರೆ ಒಣಗಿದ ಎಲೆಯನ್ನು, ಗುಡಿಸಿ ಕೊಟ್ಟಿಗೆಗೆ, ಅಲ್ಲಿಂದ ಗೊಬ್ಬರವಾಗಿ ತೋಟಕ್ಕೆ ಒಯ್ಯುವುದರಿಂದ ಉರಿಯಲು ಹೆಚ್ಚೇನೂ ಉಳಿಯುತ್ತಿರಲಿಲ್ಲ. ಈ ವಿಂಗಡಣೆಯನ್ನು ಮರಗಳೇ ಸಮರ್ಥಿಸುತ್ತವೆ. ಮತ್ತಿ ಮರದ ತೊಗಟೆ ಮುಟ್ಟಿ ನೋಡಿ: ಮೊಸಳೆಯ ಬೆನ್ನಿನಂತೆ ದಪ್ಪ, ಬಿರುಕು ಬಿರುಕು. ನೆಲದ ಉರಿ ಹಾದುಹೋದರೂ ಒಳಗಿನ ಜೀವಕ್ಕೆ ಕಾವು ತಟ್ಟುವುದು ಕಡಿಮೆ. ಕಾನಿನ ಮರಗಳಲ್ಲಿ ಹೆಚ್ಚಿನವಕ್ಕೆ ಆ ಕವಚವಿಲ್ಲ. ಅಲ್ಲಿ ಬೆಂಕಿ ಎಂದರೆ ನಾಶವೇ. ನಿತ್ಯಹರಿದ್ವರ್ಣ ಕಾಡಿಗೆ ನಿಯಂತ್ರಿತ ಬೆಂಕಿ ಬೇಕು ಎಂದು ಯಾರಾದರೂ ಹೇಳಿದರೆ ನಾನಂತೂ ಒಪ್ಪಲಾರೆ.

ಎಲೆಯುದುರುವ ಕಾಡಿನ ಮಾತು ಬೇರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆ ಬಲಿಯುವ ಮೊದಲೇ ‘ತರಗು ಬೆಂಕಿ’ ಕೊಡುತ್ತಿದ್ದರು. ಒಣಗಿದೆಲೆ ಮಾತ್ರ ಸುಡುವ, ಮೊಣಕಾಲೆತ್ತರ ಮೀರದ ಉರಿ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ನಿಂತಿತು. ಲಂಟಾನ ಎಂಬ ಹೊರನಾಡಿನ ಕಳೆಪೊದೆ ಹಬ್ಬಿದ್ದಕ್ಕೂ ನೆಲ್ಲಿ ಮರಗಳಿಗೆ ಬಂದಳಿಕೆ ಎಂಬ ಪರಾವಲಂಬಿ ಗಿಡ ಅಡರಿದ್ದಕ್ಕೂ ಇದೇ ಕಾರಣ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಆದರೆ ಇಂದು ಅದೇ ಬೆಂಕಿಯನ್ನು ಹಾಗೇ ಮರಳಿ ತರುವಂತಿಲ್ಲ. ಆಳೆತ್ತರ ಬೆಳೆದ ಲಂಟಾನ ಉರಿಯನ್ನು ನೆಲದಿಂದ ಕೊಂಬೆಗೆ ಏರಿಸುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ನಾವೆಲ್ಲ ಕಂಡಿದ್ದೇವೆ. ಮೊದಲು ಪೊದೆ ಕಿತ್ತು, ಆಮೇಲೆ ಬೆಂಕಿಯ ಮಾತು. ನಮ್ಮ ಶಿವಮೊಗ್ಗ ಜಿಲ್ಲೆಯ ಅಕೇಶಿಯಾ ನೆಡುತೋಪುಗಳಲ್ಲಿ ಬೇಗ ಕೊಳೆಯದ ಎಲೆ ದಪ್ಪಗೆ ಬಿದ್ದಿರುತ್ತದೆ. ಅಲ್ಲಿಯೂ ಇದೇ ಎಚ್ಚರ ಬೇಕು.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಇರುವುದು ಕುದುರೆಮುಖದಲ್ಲಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 600 ಚದರ ಕಿಲೋಮೀಟರ್‌ನ ಈ ಪ್ರದೇಶದಲ್ಲಿ ಹುಲ್ಲುಗಾವಲು ಮತ್ತು ಶೋಲಾ, ಅಂದರೆ ಬೆಟ್ಟದ ಕಣಿವೆಗಳ ನಿತ್ಯಹರಿದ್ವರ್ಣ ಕಾಡು, ಮೈಗೆ ಮೈ ತಾಗಿಸಿಕೊಂಡಿವೆ. ಮಾರ್ಚ್‌ ಬಿಸಿಲಲ್ಲಿ ಹುಲ್ಲಿಗೆ ಬಿದ್ದ ಬೆಂಕಿ ಗಾಳಿಯ ಜೊತೆ ಏರು ಹತ್ತಿ ಶೋಲಾದ ಅಂಚನ್ನು ಕಚ್ಚುತ್ತದೆ. ಅಂಚಿನ ಎಳೆ ಸಸಿಗಳು ಸತ್ತರೆ ಅಲ್ಲಿಗೂ ಹುಲ್ಲು ಬರುತ್ತದೆ, ಮುಂದಿನ ಬೇಸಿಗೆಯ ಬೆಂಕಿ ಇನ್ನಷ್ಟು ಒಳಗೆ ಹೋಗುತ್ತದೆ. ಇಬ್ಬನಿಯ ಕಾಲದಲ್ಲೇ ಶೋಲಾದ ಸುತ್ತ ಹುಲ್ಲನ್ನು ತುಂಡು ತುಂಡಾಗಿ, ಪ್ರತಿವರ್ಷ ಜಾಗ ಬದಲಿಸಿ ಸುಟ್ಟರೆ ಆ ಅಂಚು ಉಳಿಯಬಹುದು. ಎಲ್ಲವನ್ನೂ ಒಮ್ಮೆಲೇ ಸುಟ್ಟರೆ ನೆಲದಲ್ಲಿ ಬದುಕುವ ಹಕ್ಕಿಗಳಿಗೆ, ಹುಳಹುಪ್ಪಟೆಗೆ ಜಾಗವಿಲ್ಲ.

ಕಾಯ್ದೆ ಅಡ್ಡ ಬರುತ್ತದೆ ಎನ್ನುವವರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮನ್ನು ಪೂರ್ತಿ ಓದಬೇಕು. ಅಭಯಾರಣ್ಯಕ್ಕೆ ಅಪಾಯವಾಗುವ ರೀತಿಯಲ್ಲಿ ಬೆಂಕಿ ಹಚ್ಚಬಾರದು ಎನ್ನುತ್ತದೆ ಅದು. ರಾಷ್ಟ್ರೀಯ ಉದ್ಯಾನಗಳಿಗೂ ಅದೇ ಅನ್ವಯ. ಇಲಾಖೆ ಬೆಂಕಿ ರೇಖೆ ಸುಡುತ್ತಿರುವುದೂ ಇದೇ ಕಾಯ್ದೆಯ ಕೆಳಗೆ. ಮುಖ್ಯ ವನ್ಯಜೀವಿ ಪರಿಪಾಲಕರು ಕುದುರೆಮುಖದ ಒಂದೆರಡು ಬೆಟ್ಟಗಳಲ್ಲಿ ಪ್ರಯೋಗಕ್ಕೆ ಒಪ್ಪಿಗೆ ಕೊಡಬೇಕು. ಪಕ್ಕದಲ್ಲೇ ಸುಡದ ಬೆಟ್ಟವನ್ನೂ ಹೋಲಿಕೆಗೆ ಇಟ್ಟು, ಹುಲ್ಲು, ಹಕ್ಕಿ, ಶೋಲಾದ ಅಂಚಿನ ಲೆಕ್ಕವನ್ನು ಕೆಲವು ವರ್ಷ ಬರೆದಿಡಬೇಕು. ಎಲ್ಲಿ, ಯಾವ ದಿನ ಎನ್ನುವುದನ್ನು ಸುತ್ತಲಿನ ಊರಿನವರೊಂದಿಗೆ, ದಿನಗೂಲಿಗೆ ಬೆಂಕಿ ಕಾಯುವವರೊಂದಿಗೆ ಕೂತು ಗೊತ್ತುಮಾಡಬೇಕು. ಯಾವ ಏರಿನಲ್ಲಿ ಗಾಳಿ ಎಷ್ಟು ಹೊತ್ತಿಗೆ ತಿರುಗುತ್ತದೆ ಎಂಬುದನ್ನು ಕಂಡು ಬಲ್ಲವರು ಅವರು. ಬೇಸಿಗೆಯ ನಾಲ್ಕು ತಿಂಗಳಿಗಷ್ಟೇ ಕರೆಯುವ ಬದಲು ಅವರಿಗೆ ವರ್ಷಪೂರ್ತಿ ಕೆಲಸ ಕೊಟ್ಟರೆ, ಮಳೆಗಾಲದಲ್ಲಿ ಲಂಟಾನ ಕೀಳುವ ಕೆಲಸವೂ ಆಗುತ್ತದೆ.