ಗಂಟಿನ ಸೂಜಿ ಪರೀಕ್ಷೆ: ‘ಏನೂ ಸಿಕ್ಕಿಲ್ಲ’ ಅಂದರೆ ‘ಏನೂ ಇಲ್ಲ’ ಅಂತಲ್ಲ

ಕಾಫಿ ಕೊಯ್ಲು ಮುಗಿಯುತ್ತಿದ್ದಂತೆ ಸಕಲೇಶಪುರ, ಆಲೂರು ಕಡೆಯಿಂದ ಕುತ್ತಿಗೆಯಲ್ಲಿ ಗಂಟಿರುವವರು ಹಾಸನಕ್ಕೆ ಬರತೊಡಗುತ್ತಾರೆ. ಗಂಟು ಕಂಡು ತಿಂಗಳುಗಳೇ ಆಗಿರುತ್ತವೆ. ಇಷ್ಟು ತಡವೇಕೆ ಎಂದರೆ ಮೊದಲು ಕೊಯ್ಲಿನ ನೆಪ, ಆಮೇಲೆ ಅಸಲಿ ಕಾರಣ: “ಸೂಜಿ ಚುಚ್ಚಿದ್ರೆ ಗಡ್ಡೆ ಕೆರಳುತ್ತಂತಲ್ಲ ಡಾಕ್ಟ್ರೇ?”

ಕೆರಳುವುದಿಲ್ಲ. ಸೂಜಿಯಿಂದ ಗಂಟಿನ ಜೀವಕೋಶ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಈ ಪರೀಕ್ಷೆಗೆ ಎಫ್‌ಎನ್‌ಎಸಿ ಎನ್ನುತ್ತಾರೆ. ಅದಕ್ಕೆ ಪೆಥಾಲಜಿಸ್ಟ್‌ಗಳಾದ ನಾವು ಬಳಸುವುದು 23ರಿಂದ 25 ಗೇಜಿನ ಸೂಜಿ. ರಕ್ತ ತೆಗೆಯುವ ಸೂಜಿಗಿಂತ ಸಾಮಾನ್ಯವಾಗಿ ಸಣ್ಣದು. ಸೂಜಿಯ ದಾರಿಯಲ್ಲಿ ಕ್ಯಾನ್ಸರ್ ಕಣ ಉಳಿದ ಉದಾಹರಣೆಗಳು ತೀರಾ ಅಪರೂಪ. ಆ ಹೆದರಿಕೆಗೆ ಪರೀಕ್ಷೆ ಮುಂದೂಡಿ ಕೆಟ್ಟವರೇ ಹೆಚ್ಚು.

ಥೈರಾಯ್ಡ್ ಗಂಟಾದರೆ ಭುಜದ ಕೆಳಗೆ ದಿಂಬಿಟ್ಟು ಮಲಗಿಸುತ್ತೇವೆ. “ಈಗ ಎಂಜಲು ನುಂಗಬೇಡಿ” ಎನ್ನುತ್ತೇವೆ, ಏಕೆಂದರೆ ನುಂಗಿದರೆ ಥೈರಾಯ್ಡ್ ಮೇಲೇರಿ ಗಂಟು ಬೆರಳಿನಿಂದ ಜಾರಿಹೋಗುತ್ತದೆ. ಎರಡು ಬೆರಳ ನಡುವೆ ಗಂಟನ್ನು ಹಿಡಿದು, ಸೂಜಿ ಇಳಿಸಿ, ನಾಲ್ಕಾರು ಬಾರಿ ಹಿಂದೆಮುಂದೆ ಆಡಿಸಿದರೆ ಮುಗಿಯಿತು. ಸಿಕ್ಕಿದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಸವರಿ ಕೆಲವನ್ನು ಗಾಳಿಗೆ ಒಣಗಿಸುತ್ತೇವೆ, ಕೆಲವನ್ನು ತಕ್ಷಣ ಆಲ್ಕೋಹಾಲಿನಲ್ಲಿ ಅದ್ದುತ್ತೇವೆ. ಉಪವಾಸ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ ಮೊದಲೇ ಹೇಳಿ, ನೀವಾಗಿ ನಿಲ್ಲಿಸಬೇಡಿ.

ಕುತ್ತಿಗೆಯ ಪಕ್ಕದ ಗಂಟಿನಲ್ಲಿ ಕೀವಿನಂಥದ್ದು ಬಂದರೆ ನಮಗೆ ಕ್ಷಯದ ಅನುಮಾನ. ಹಿರಿಯರು ಗಂಡಮಾಲೆ ಎನ್ನುತ್ತಿದ್ದ ಕಾಯಿಲೆ. ಆಗ ಸ್ವಲ್ಪ ಭಾಗ ಕ್ಷಯದ ರೋಗಾಣು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆಗೂ ಹೋಗುತ್ತದೆ.

ತೊಂದರೆ ಬರುವುದು ವರದಿ ಓದುವಾಗ. ಥೈರಾಯ್ಡ್ ವರದಿಯನ್ನು ಬೆಥೆಸ್ಡಾ ಪದ್ಧತಿಯಲ್ಲಿ 1ರಿಂದ 6ರವರೆಗಿನ ವರ್ಗಗಳಲ್ಲಿ ಕೊಡುತ್ತೇವೆ. 6 ಎಂದರೆ ಕ್ಯಾನ್ಸರ್, 2 ಎಂದರೆ ನಿರಪಾಯ. ಹಾಗಾದರೆ 1 ಇನ್ನೂ ಒಳ್ಳೆಯದಿರಬೇಕು ಎಂದುಕೊಂಡು ಸಮಾಧಾನದಿಂದ ಮನೆಗೆ ಹೋದವರನ್ನು ಕಂಡಿದ್ದೇನೆ. 1 ಎಂದರೆ ಅಭಿಪ್ರಾಯ ಹೇಳುವಷ್ಟು ಜೀವಕೋಶ ಸಿಕ್ಕಿಲ್ಲ ಎಂದಷ್ಟೇ. ಸಾಮಾನ್ಯವಾಗಿ ಕನಿಷ್ಠ 6 ಗುಂಪು, ಗುಂಪಿಗೆ 10ರಂತೆ ಜೀವಕೋಶ ಕಾಣಬೇಕು. ಬರೀ ರಕ್ತವೋ ನೀರೋ ಬಂದಿದ್ದರೆ ಅಲ್ಟ್ರಾಸೌಂಡ್ ನೋಡಿಕೊಂಡು ಮತ್ತೆ ಚುಚ್ಚಬೇಕು. ದುಡ್ಡಿಗಾಗಿ ಮತ್ತೆ ಕರೆಯುತ್ತಾರೆ ಎಂಬ ಮಾತು ನನ್ನ ಕಿವಿಗೂ ಬಿದ್ದಿದೆ!

4ನೇ ವರ್ಗದ್ದು ಬೇರೆ ಕಥೆ. ಥೈರಾಯ್ಡಿನ ಹಾರ್ಮೋನು ತಯಾರಿಸುವ ಜೀವಕೋಶಗಳಿಂದ ಹುಟ್ಟುವ ಫಾಲಿಕ್ಯುಲರ್ ಗಡ್ಡೆಯ ಅನುಮಾನವಿದ್ದರೆ ಈ ವರ್ಗ. ಆ ಗಡ್ಡೆ ಕ್ಯಾನ್ಸರೋ ಅಲ್ಲವೋ ಎಂದು ತಿಳಿಯಲು ಅದು ತನ್ನ ಹೊದಿಕೆಯನ್ನೋ ರಕ್ತನಾಳವನ್ನೋ ಒಡೆದು ನುಗ್ಗಿದೆಯೇ ನೋಡಬೇಕು. ಸೂಜಿಯಲ್ಲಿ ಬರುವುದು ಬಿಡಿ ಜೀವಕೋಶ, ಹೊದಿಕೆ ಬರುವುದಿಲ್ಲ. ಎಷ್ಟು ಸಲ ಚುಚ್ಚಿದರೂ ಅಷ್ಟೇ. ಹೀಗಾಗಿ ಸರ್ಜನ್ ಥೈರಾಯ್ಡಿನ ಒಂದು ಭಾಗ ತೆಗೆದು ಕಳಿಸಿದರೆ ಮಾತ್ರ ನಾವು ಖಚಿತವಾಗಿ ಹೇಳಬಲ್ಲೆವು.

ಇನ್ನು 2 ಬಂದವರು ಫೈಲು ಎತ್ತಿಟ್ಟು ಮರೆಯಬೇಡಿ. ಗಂಟು ಬೆಳೆದರೆ, ದನಿ ಒಡೆದರೆ ಮತ್ತೆ ಬನ್ನಿ. ಬೆಂಗಳೂರಿಗೋ ಮಂಗಳೂರಿಗೋ ಹೋಗುವುದಾದರೆ ವರದಿಯ ಜೊತೆ ಸ್ಲೈಡನ್ನೂ ಕೇಳಿ ತಗೊಂಡು ಹೋಗಿ. ಅಲ್ಲಿನ ಪೆಥಾಲಜಿಸ್ಟ್ ನನ್ನ ಕಾಗದಕ್ಕಿಂತ ಅದನ್ನೇ ಮೊದಲು ಕೇಳುತ್ತಾರೆ.