ತಂತಿಗೆ ಚುಚ್ಚಿದ ಕಾಗದಗಳ ಕ್ರಮ

ಹಿರಿಯರು ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಅಟ್ಟದಿಂದ ಇಳಿದ ಟ್ರಂಕನ್ನು ಏನು ಮಾಡಬೇಕೆಂದು ಕೇಳಿಕೊಂಡು ನಮ್ಮ ಗ್ರಂಥಾಲಯದ ಹಸ್ತಪ್ರತಿ ವಿಭಾಗಕ್ಕೆ ಬರುವವರಲ್ಲಿ ಅನೇಕರು ಒಂದು ಕೆಲಸವನ್ನು ಆಗಲೇ ಮುಗಿಸಿರುತ್ತಾರೆ. ಹೆಸರಾಂತರು ಬರೆದ ನಾಲ್ಕಾರು ಪತ್ರಗಳನ್ನು ಆರಿಸಿ ತೆಗೆದು, ಉಳಿದದ್ದೆಲ್ಲ ಬರೀ ಮನೆಯ ವಿಚಾರ, ನಿಮಗೆ ಬೇಕಾಗಲಿಕ್ಕಿಲ್ಲ ಎಂದು ಹಿಂದೆಯೇ ಬಿಟ್ಟು ಬಂದಿರುತ್ತಾರೆ. ಅವರ ಉದ್ದೇಶ ಒಳ್ಳೆಯದೇ. ಆದರೆ ನಮಗೆ ಬೇಕಾದದ್ದು ಆ ಮನೆಯ ವಿಚಾರವೂ ಸೇರಿದ ಇಡೀ ಕಟ್ಟು, ಅದೂ ಮನೆಯಲ್ಲಿ ಇದ್ದ ಕ್ರಮದಲ್ಲೇ.

ಹಿಂದೆ ಅನೇಕ ಮನೆಗಳಲ್ಲಿ ಬಂದ ಕಾಗದವನ್ನು ಓದಿದ ಮೇಲೆ ಗೋಡೆಗೆ ತೂಗುಹಾಕಿದ ಕೊಕ್ಕೆತಂತಿಗೆ ಚುಚ್ಚಿಡುತ್ತಿದ್ದರು. ಕೆಳಗಿರುವುದು ಹಳೆಯದು, ಮೇಲಿರುವುದು ಹೊಸದು. ತಂತಿಯಿಂದ ತೆಗೆದು ಯಾರೋ ಕಲಸಿದ ಮೇಲೂ ತೂತುಗಳ ಜಾಗವನ್ನೂ ಅವುಗಳ ಸುತ್ತಲಿನ ತುಕ್ಕಿನ ಕಲೆಯನ್ನೂ ಹೋಲಿಸಿ ನೋಡಿದರೆ ಯಾವುವು ಜೊತೆಗಿದ್ದವು ಎಂಬುದನ್ನು ಬಹುಮಟ್ಟಿಗೆ ಊಹಿಸಬಹುದು. ಒಂದು ಮೂಲದಿಂದ ಬಂದ ಕಾಗದಪತ್ರಗಳನ್ನು ಇನ್ನೊಂದರ ಜೊತೆ ಬೆರೆಸದೆ ಒಟ್ಟಿಗೆ ಇಡಬೇಕೆಂಬ ನಿಯಮವನ್ನು ಫ್ರಾನ್ಸ್ 1841ರಲ್ಲೇ ಸುತ್ತೋಲೆ ಹೊರಡಿಸಿ ತನ್ನ ಪತ್ರಾಗಾರಗಳಿಗೆ ವಿಧಿಸಿತು; ಅವುಗಳ ಮೂಲ ಕ್ರಮವನ್ನೂ ಕದಲಿಸಬಾರದೆಂಬ ಮಾತು ಮುಂದೆ ಅದಕ್ಕೆ ಸೇರಿತು. ಜಗತ್ತಿನ ಪತ್ರಾಗಾರಗಳೆಲ್ಲ ಇಂದು ಒಪ್ಪಿರುವ ಈ ನಿಯಮವನ್ನು ನಮ್ಮ ಅಜ್ಜಂದಿರ ತಂತಿ ತನ್ನಷ್ಟಕ್ಕೆ ಪಾಲಿಸಿಕೊಂಡು ಬಂದಿತ್ತು.

ಕ್ರಮಕ್ಕೆ ಇಷ್ಟು ಬೆಲೆ ಏಕೆಂಬುದು ಕಾಲನಿರ್ಣಯದ ಹೊತ್ತಿಗೆ ತಿಳಿಯುತ್ತದೆ. ಹಳೆಯ ಕಾಗದಗಳಲ್ಲಿ ಇಸವಿ ಇರುವುದಿಲ್ಲ. ಸಂವತ್ಸರ, ಮಾಸ, ತಿಥಿಗಳಷ್ಟೇ ಇರುತ್ತವೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಪ್ರಭವ ಎಂದು ಬರೆದಿದ್ದರೆ ಅದು 1867, 1927, 1987 ಇವುಗಳಲ್ಲಿ ಯಾವ ಯುಗಾದಿಯಿಂದ ಮೊದಲಾದ ವರ್ಷವಾದರೂ ಆಗಿರಬಹುದು. ಬರೆದದ್ದು ಪೋಸ್ಟ್‌ಕಾರ್ಡಿನ ಮೇಲಾದರೆ ಮೊದಲನೆಯದನ್ನು ಬಿಟ್ಟುಬಿಡಬಹುದು, ಏಕೆಂದರೆ ನಮ್ಮ ದೇಶದಲ್ಲಿ ಕಾರ್ಡು ಬಂದದ್ದು 1879ರಲ್ಲಿ. ಕಾರ್ಡಿನ ಮೇಲೆ ಐದನೆಯ ಜಾರ್ಜ್ ದೊರೆಯ ಮುಖ ಅಚ್ಚಾಗಿದ್ದರೆ ಅದು 1927ರದೆಂದು ತೀರ್ಮಾನಿಸಬಹುದು. ಸಾದಾ ಹಾಳೆಯ ಮೇಲೆ ಬರೆದ ಪತ್ರಕ್ಕೆ ಲಕೋಟೆಯ ಮೇಲಿನ ಅಂಚೆ ಠಸ್ಸೆಯೇ ಆಧಾರ; ಅದೂ ಇಲ್ಲದಿದ್ದರೆ ತಂತಿಯಲ್ಲಿ ಅದರ ಮೇಲೆ ಕೆಳಗೆ ಇದ್ದ ಕಾಗದಗಳೇ ಗತಿ. ಒಮ್ಮೆ ಮಲೆನಾಡಿನ ಒಂದು ಮನೆಯಿಂದ ಬಂದ ಎರಡು ಪೆಟ್ಟಿಗೆಗಳಲ್ಲಿ ಲಕೋಟೆಗಳ ಬಲಮೂಲೆಗಳೆಲ್ಲ ಕತ್ತರಿಸಿಹೋಗಿದ್ದವು. ಮನೆಯ ಹುಡುಗ ಅಂಚೆಚೀಟಿ ಸಂಗ್ರಹಿಸುತ್ತಿದ್ದನಂತೆ. ಚೀಟಿಯ ಜೊತೆಗೆ ಠಸ್ಸೆಯೂ ಹೋಗಿತ್ತು. ಕಾಗದಗಳನ್ನು ಕ್ಷೇಮಸಮಾಚಾರ, ಸಾಲ, ಮದುವೆ ಎಂದು ಮನೆಯವರು ಅಕ್ಕರೆಯಿಂದ ವಿಂಗಡಿಸಿಯೂ ಇಟ್ಟಿದ್ದರು. ಆ ಪತ್ರಗಳಲ್ಲಿ ಬಹುಪಾಲನ್ನು ನಮ್ಮ ಪಟ್ಟಿಯಲ್ಲಿ ಇಂದಿಗೂ ಕಾಲ ತಿಳಿಯದವು ಎಂದೇ ನಮೂದಿಸಿದ್ದೇವೆ.

ಪತ್ರದ ತಲೆಬರಹವನ್ನು ಬರೀ ಶಿಷ್ಟಾಚಾರವೆಂದು ದಾಟಿಹೋಗಬಾರದು. ತೀರ್ಥರೂಪ ಎಂದು ಮೊದಲಾದರೆ ಬರೆದವರು ಕಿರಿಯರು, ಚಿರಂಜೀವಿ ಎಂದರೆ ಹಿರಿಯರು. ಹೆಸರೇ ಇಲ್ಲದ ಪತ್ರದಲ್ಲೂ ಇಷ್ಟು ನಂಟು ಸಿಗುತ್ತದೆ. ಉತ್ತರ ಕರ್ನಾಟಕದ ಕೆಲವು ಮನೆತನಗಳ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರಿನ ಹಿಂದೆ ಸೌ. (ಸೌಭಾಗ್ಯವತಿ) ಎಂದು ಇದ್ದದ್ದು ಒಂದು ಹಂತದಿಂದ ಗಂ.ಭಾ. (ಗಂಗಾಭಾಗೀರಥಿ, ಅಂದರೆ ವಿಧವೆ) ಆಗುತ್ತದೆ. ಆಕೆ ಗಂಡನನ್ನು ಕಳೆದುಕೊಂಡ ಕಾಲವನ್ನು ಆ ಎರಡಕ್ಷರ ಹೇಳುತ್ತವೆ. ಸಾವಿನ ಸುದ್ದಿಯ ಕಾಗದ ಮಾತ್ರ ಕಟ್ಟಿನಲ್ಲಿ ಸಿಗುವುದು ಅಪರೂಪ, ಏಕೆಂದರೆ ಅದನ್ನು ಓದಿದ ಕೂಡಲೇ ಹರಿದುಹಾಕುವ ರೂಢಿ ಎಷ್ಟೋ ಮನೆಗಳಲ್ಲಿತ್ತು. ಮನೆಯ ಅತಿ ದೊಡ್ಡ ಸುದ್ದಿ ಇಲ್ಲದಿರುವಲ್ಲಿ ಅದರ ಗುರುತು ಉಳಿಯುವುದು ಈ ಚಿಕ್ಕ ಬದಲಾವಣೆಗಳಲ್ಲೇ, ಅದೂ ಪತ್ರಗಳನ್ನು ಬಂದ ಕ್ರಮದಲ್ಲಿ ಓದಿದಾಗ ಮಾತ್ರ. ನನ್ನ ಕೆಲಸದಲ್ಲಿ ನನ್ನನ್ನು ಹೆಚ್ಚು ಹೊತ್ತು ಸುಮ್ಮನೆ ಕೂರಿಸಿದವು ಇಂಥ ಜಾಗಗಳು.

ದಿನಚರಿಗಳ ಮಾತೂ ಹೀಗೆಯೇ. ನಮಗೆ ಬರುವ ದಿನಚರಿಗಳಲ್ಲಿ ಆತ್ಮನಿವೇದನೆ ಕಡಿಮೆ. ಮಳೆ, ಅಡಿಕೆ ಧಾರಣೆ, ಆಳುಗಳ ಕೂಲಿ, ಬಂದ ನೆಂಟರು, ಕೊಟ್ಟ ಕೈಗಡ ಇವೇ ಹೆಚ್ಚು. ಇದರಲ್ಲಿ ಏನಿದೆ ಎಂದು ಸಂಕೋಚಪಡುವವರಿಗೆ ನಾನು ಪುದುಚೇರಿಯ ಆನಂದರಂಗ ಪಿಳ್ಳೈ ಅವರ ದಿನಚರಿಯ ಸಂಗತಿಯನ್ನು ಹೇಳುತ್ತೇನೆ. ಫ್ರೆಂಚ್ ಗವರ್ನರ್ ಡ್ಯೂಪ್ಲೆಯ ದುಭಾಷಿಯಾಗಿದ್ದ ಅವರು 1736ರಿಂದ 1761ರಲ್ಲಿ ತೀರಿಕೊಳ್ಳುವ ಹೊತ್ತಿನವರೆಗೂ ಕಂಡದ್ದನ್ನು, ಕೇಳಿದ್ದನ್ನು, ಹಡಗುಗಳು ಬಂದುಹೋದದ್ದನ್ನು ತಮಿಳಿನಲ್ಲಿ ಬರೆದಿಟ್ಟರು. ಆ ಸಂಪುಟಗಳು ಮನೆತನದವರ ಬಳಿಯೇ ಉಳಿದು, 1846ರಲ್ಲಿ ಹೊರಗಿನವರ ಕಣ್ಣಿಗೆ ಬಿದ್ದವು. 1904ರಿಂದ 1928ರವರೆಗೆ ಮದರಾಸಿನಲ್ಲಿ ಇಂಗ್ಲಿಷ್ ಅನುವಾದವಾಗಿ 12 ಸಂಪುಟಗಳಲ್ಲಿ ಅಚ್ಚಾದವು. ಹದಿನೆಂಟನೆಯ ಶತಮಾನದ ದಕ್ಷಿಣ ಭಾರತವನ್ನು ಭಾರತೀಯನೊಬ್ಬನ ಕಣ್ಣಿನಿಂದ ನೋಡಲು ಇಂದು ಅದಕ್ಕಿಂತ ಹತ್ತಿರದ ದಾಖಲೆ ಸಿಗುವುದು ಕಷ್ಟ. ಮನೆಯವರು ರಾಜಕೀಯದ ಪುಟಗಳನ್ನಷ್ಟೇ ಉಳಿಸಿಕೊಂಡು ಸರಕಿನ ಲೆಕ್ಕ, ಮನೆಯ ಶುಭಾಶುಭಗಳ ಪುಟಗಳನ್ನು ಎಸೆದಿದ್ದರೆ ನಮಗೆ ದಕ್ಕುತ್ತಿದ್ದದ್ದು ಇನ್ನೊಂದು ಯುದ್ಧವರ್ಣನೆ ಮಾತ್ರ.

ಹಾಗಾಗಿ ಟ್ರಂಕು ಸಿಕ್ಕರೆ ಮೊದಲು ಮುಚ್ಚಳ ತೆರೆದು, ಇದ್ದಂತೆಯೇ ಒಂದು ಫೋಟೋ ತೆಗೆಯಿರಿ. ಹರಿದ ಕಡೆ ಸೆಲ್ಲೋಟೇಪ್ ಅಂಟಿಸಬೇಡಿ. ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಕ್ಕೆ ಇಳಿಯುತ್ತದೆ. ಝೆರಾಕ್ಸ್ ಅಂಗಡಿಯ ಬಿಸಿ ಲ್ಯಾಮಿನೇಷನ್ ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಕಾಗದಕ್ಕೆ ಹಾನಿಯಾಗದಂತೆ ಅದನ್ನು ಬಿಡಿಸಲಾಗದು. ಬಿಸಿಲಿಗೆ ಒಣಹಾಕುವುದೂ ಬೇಡ. ಒಗೆದ ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ನೆಲದಿಂದ ಎತ್ತರದಲ್ಲಿ, ಮಳೆಗಾಲದಲ್ಲಿ ಜಿನುಗುವ ಗೋಡೆಯಿಂದ ದೂರ ಇಟ್ಟರೆ ನಾವು ಬರುವವರೆಗೆ ಸಾಕು. ಗುರುತು ಹಾಕಲೇಬೇಕಿದ್ದರೆ ಪೆನ್ಸಿಲ್ ಬಳಸಿ. ಟ್ರಂಕಿನಲ್ಲಿ ಕಪ್ಪಗಿನ, ಮಡಿಕೆ ಮಡಿಕೆಯಾದ ದಪ್ಪ ಬಟ್ಟೆಯಂಥದ್ದು ಕಂಡರೆ ವಿಶೇಷ ಎಚ್ಚರವಿರಲಿ. ಅದು ಕಡತವಾಗಿರಬಹುದು. ಬಟ್ಟೆಗೆ ಇದ್ದಿಲಿನ ಪುಡಿ ಮತ್ತು ಹುಣಿಸೆಬೀಜದ ಅಂಟನ್ನು ಬಳಿದು, ಅದರ ಮೇಲೆ ಬಳಪದಿಂದ ಲೆಕ್ಕಪತ್ರ ಬರೆಯುತ್ತಿದ್ದರು. ಧೂಳೆಂದು ಒದ್ದೆಬಟ್ಟೆಯಿಂದ ಒಮ್ಮೆ ಒರೆಸಿದರೆ ಅಕ್ಷರವೇ ಅಳಿಸಿಹೋಗುತ್ತದೆ.

ಕೊಡುವವರನ್ನು ನಿಜವಾಗಿ ಕಾಡುವುದು ಗೆದ್ದಲಿಗಿಂತ ಮಾನದ ಪ್ರಶ್ನೆ. ಆಸ್ತಿಯ ಜಗಳ, ಮುರಿದ ಸಂಬಂಧ, ಕಾಯಿಲೆ, ಇನ್ನೂ ಬದುಕಿರುವವರ ಹೆಸರು ಇವೆಲ್ಲ ಪತ್ರಗಳಲ್ಲಿರುತ್ತವೆ. ಇಂಥ ಪತ್ರಗಳನ್ನು ರಾತ್ರೋರಾತ್ರಿ ಹಂಡೆಯ ಒಲೆಗೆ ಹಾಕಿದವರನ್ನು ನಾನು ಬಲ್ಲೆ, ಅವರ ಅಳುಕೂ ನನಗೆ ಅರ್ಥವಾಗುತ್ತದೆ. ಇದಕ್ಕೆ ದಾನಪತ್ರದಲ್ಲೇ ದಾರಿ ಇದೆ: ಇಂಥ ಕಟ್ಟನ್ನು ಇಷ್ಟು ವರ್ಷ ಯಾರಿಗೂ ತೋರಿಸಬಾರದೆಂದು ಕುಟುಂಬದವರು ಷರತ್ತು ಬರೆಸಬಹುದು. ಕಾನೂನಿನ ಒಂದು ಸಂಗತಿಯನ್ನೂ ತಿಳಿದಿರಬೇಕು. ಪತ್ರದ ಹಾಳೆ ಅದನ್ನು ಪಡೆದವರದಾದರೂ ಅದರೊಳಗಿನ ಬರವಣಿಗೆಯ ಹಕ್ಕುಸ್ವಾಮ್ಯ ಬರೆದವರದು, ಅವರ ನಂತರ ಅವರ ವಾರಸುದಾರರದು. ಗ್ರಂಥಾಲಯದಲ್ಲಿರುವ ಅಪ್ರಕಟಿತ ಬರಹವನ್ನು ಸಂಶೋಧನೆಗೆಂದು ಪ್ರತಿ ಮಾಡಿಕೊಳ್ಳಲು 1957ರ ಕಾಯ್ದೆ ಕೊಡುವ ವಿನಾಯಿತಿ, ಬರೆದವರು ಯಾರೆಂದು ತಿಳಿದಿದ್ದಲ್ಲಿ, ಅವರು ತೀರಿಕೊಂಡು 60 ವರ್ಷ ಕಳೆದ ಮೇಲಷ್ಟೇ ಅನ್ವಯಿಸುತ್ತದೆ.

ಹಾಗೆ ಷರತ್ತು ಬರೆಸಿ ಕೊಟ್ಟ ಒಂದು ಕಟ್ಟು ನಮ್ಮಲ್ಲಿದೆ. ಅತ್ತೆ ಸೊಸೆಗೆ ಬರೆದ ಪತ್ರಗಳವು. ಕೊಟ್ಟ ಮೊಮ್ಮಗಳು ತಾನೂ ಅವನ್ನು ಓದಿಲ್ಲವೆಂದರು. ಪಟ್ಟಿಯಲ್ಲಿ ಪತ್ರಗಳ ಸಂಖ್ಯೆಯನ್ನಷ್ಟೇ ಬರೆದು, ಬಟ್ಟೆ ಸುತ್ತಿ ಮೊಹರು ಮಾಡಿ, ತೆರೆಯಬೇಕಾದ ಇಸವಿಯನ್ನು ಪೆಟ್ಟಿಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇವೆ.