ಬಾವಿಕಟ್ಟೆಯ ಮೇಲಿನ ಪುಟ್ಟ ವೀಳ್ಯದೆಲೆ

ಆಟಿ ತಿಂಗಳ ಮಳೆ ಸ್ವಲ್ಪ ಬಿಟ್ಟಾಗ ಉಡುಪಿ ಕಡೆಯ ಯಾವುದಾದರೂ ಹಳೆ ಮನೆಯ ಬಾವಿಕಟ್ಟೆ ಹತ್ತಿರ ಬಗ್ಗಿ ನೋಡಿ. ಮುರಕಲ್ಲಿನ ತೂತುಗಳಲ್ಲಿ ಜರಿಗಿಡ ಬೆಳೆದಿರುತ್ತದೆ. ಅದರ ಆಸುಪಾಸಿನಲ್ಲೇ, ಒದ್ದೆ ಕಲ್ಲಿಗೆ ಅಂಟಿಕೊಂಡು, ಉದ್ದಿನಕಾಳಿನಷ್ಟು ಅಗಲದ ಹಸಿರು ಚೂರುಗಳು ಸಿಗಬಹುದು. ಆಕಾರ ಥೇಟ್ ವೀಳ್ಯದೆಲೆ. ಉಗುರಿನಿಂದ ಎಬ್ಬಿಸಿದರೆ ಅಡಿಯಲ್ಲಿ ಕೂದಲಿನಂಥ ಬೇರುಗಳು. ಪಾಚಿ ಅಂತ ಸುಮ್ನೆ ಉಜ್ಜಿ ತೆಗೆಯುತ್ತೇವೆ. ಅದು ಜರಿಗಿಡದ್ದೇ ಇನ್ನೊಂದು ಅವತಾರ, ಗ್ಯಾಮಿಟೊಫೈಟ್, ಅಂದರೆ ಗಂಡು-ಹೆಣ್ಣು ಕೋಶಗಳನ್ನು ಹುಟ್ಟಿಸುವ ಪೀಳಿಗೆ.

ಹೂವಿಲ್ಲ, ಬೀಜವಿಲ್ಲ, ಆದರೂ ಜರಿಗಿಡ ಹುಟ್ಟುವುದು ಹೇಗೆ? ಬೀಜ ಇದೆ, ಕಣ್ಣಿಗೆ ಕಾಣುವುದಿಲ್ಲ, ಅದು ಕೈಗೆ ಸಿಕ್ಕಿದವನೂ ಮಾಯವಾಗುತ್ತಾನೆ ಎಂದು ಯುರೋಪಿನ ಜನ ಹಿಂದೆ ನಂಬಿದ್ದರು! ಎಲೆಯಡಿಯ ಕಂದು ಪುಡಿ, ಅಂದರೆ ಬೀಜಕ, ಮೊಳೆಯುತ್ತದೆ ಎಂದು ಗೊತ್ತಾದ ಮೇಲೂ ಗಂಡು-ಹೆಣ್ಣಿನ ಭಾಗ ಎಲ್ಲಿದೆ ಎಂಬ ಪ್ರಶ್ನೆ ಉಳಿಯಿತು. ದೊಡ್ಡ ಗಿಡದಲ್ಲಿ ಹುಡುಕಿದರೆ ಎಲ್ಲಿ ಸಿಗಬೇಕು? 1844ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ನೇಗೆಲಿ ಈ ಪುಟ್ಟ ಎಲೆಯಲ್ಲೇ ಗಂಡು ಭಾಗ ಕಂಡರು. 1848ರಲ್ಲಿ ಪೋಲೆಂಡಿನ ಸುಮಿನ್ಸ್ಕಿ ಹೆಣ್ಣು ಭಾಗವನ್ನೂ ಅಲ್ಲೇ ತೋರಿಸಿದರು. ಗಂಡು ಕೋಶ ನೀರಿನಲ್ಲಿ ಈಜಿಕೊಂಡು ಹೋಗಿ ಅಂಡವನ್ನು ಸೇರಬೇಕು. ಕಲ್ಲು ಒದ್ದೆ ಇರಲೇಬೇಕು, ಅಲ್ವಾ?

ಬಿಡಿಬಿಡಿ ಸಂಗತಿಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು ಮಾತ್ರ ಒಬ್ಬ ಅಂಗಡಿಯವ. ಜರ್ಮನಿಯ ಲೀಪ್‌ಜಿಗ್‌ನಲ್ಲಿ ಅಪ್ಪನ ಸಂಗೀತ ಪುಸ್ತಕಗಳ ವ್ಯಾಪಾರ ನೋಡಿಕೊಳ್ಳುತ್ತಿದ್ದ ವಿಲ್ಹೆಲ್ಮ್ ಹಾಫ್‌ಮೈಸ್ಟರ್. ಡಿಗ್ರಿ ಓದಿದವರಲ್ಲ, ದೃಷ್ಟಿಯೂ ಮಂದ. 1851ರಲ್ಲಿ, 27ನೇ ವಯಸ್ಸಿಗೆ, ಪುಸ್ತಕ ಹೊರತಂದರು. ಬೀಜಕದಿಂದ ಗ್ಯಾಮಿಟೊಫೈಟ್, ಅದರ ಅಂಡ ಫಲಿಸಿದರೆ ಬೀಜಕ ಕೊಡುವ ಗಿಡ. ಎರಡು ಪೀಳಿಗೆ, ಒಂದಾದ ಮೇಲೊಂದು.

ಗೋಡೆಯ ಮೇಲೆ ವೆಲ್ವೆಟ್‌ನಂತೆ ಬೆಳೆಯುವ ಹಾವಸೆಯಲ್ಲಿ ಲೆಕ್ಕ ತಿರುವುಮುರುವು. ಅಲ್ಲಿ ಹಸಿರೆಲ್ಲ ಗ್ಯಾಮಿಟೊಫೈಟ್. ತುದಿಯಲ್ಲಿ ಕಡ್ಡಿ ನೆಟ್ಟಂತೆ ಏಳುವ ಕಂದು ಗುಂಡಿಯೇ ಇನ್ನೊಂದು ಪೀಳಿಗೆ, ಅದೂ ಹಾವಸೆಯ ಋಣದಲ್ಲಿ ಬದುಕುತ್ತದೆ. 1894ರಲ್ಲಿ ಸಸ್ಯವಿಜ್ಞಾನಿ ಸ್ಟ್ರಾಸ್‌ಬರ್ಗರ್ ಈ ಎರಡು ಪೀಳಿಗೆಗಳಿಗೆ ಕ್ರೋಮೋಸೋಮ್ (ಕೋಶದೊಳಗೆ ವಂಶಗುಣ ಹೊರುವ ಎಳೆ) ಲೆಕ್ಕ ಜೋಡಿಸಿದರು: ಗ್ಯಾಮಿಟೊಫೈಟ್‌ನಲ್ಲಿ ಅರ್ಧ, ಇನ್ನೊಂದರಲ್ಲಿ ಪೂರ್ತಿ.

ಹೂ ಬಿಡುವ ಗಿಡಗಳಲ್ಲಿ ಗ್ಯಾಮಿಟೊಫೈಟ್ ಅಡಗಿಯೇ ಹೋಗಿದೆ. ನಾಗನಿಗೆ ಇಡುವ ಹಿಂಗಾರವನ್ನೇ ತೆಗೆದುಕೊಳ್ಳಿ. ಅಡಿಕೆ ಮರದ ಕೋಶದಲ್ಲಿ 32 ಕ್ರೋಮೋಸೋಮ್. ಹಿಂಗಾರದ ಗಂಡು ಹೂ ಅರಳಿ ಉದುರುವ ಪರಾಗದಲ್ಲಿ 16. ಬಾವಿಕಟ್ಟೆಯ ಆ ವೀಳ್ಯದೆಲೆ ಇಲ್ಲಿ ಎರಡು-ಮೂರು ಕೋಶದ ಧೂಳಿನ ಕಣವಾಗಿದೆ. ಈಜಲು ನೀರೂ ಬೇಡ.